ಆರು ಸಾವಿರದ ನೂರ ಮೂವತ್ತೆರಡು ಚೂರು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ಹತ್ತಿದರೆ, ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಯನ್ನು ಸೇರಿ, ರಾಜೇಶ್ವರವನ್ನು ದಾಟಿ, ಸುಮಾರು ಒಂದು ಗಂಟೆಯಲ್ಲಿ ಇಳಿದುಬಿಡಬಹುದು. ಇದೇ ಹಾದಿಯನ್ನು 81 ಕ್ಯಾಸೆಟ್ಟಿನಷ್ಟು ಹಾಡು ದೂರವಾಣಿಯ ತಂತಿಯ ಮೇಲೆ ಕ್ರಮಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಪಂಪ ರನ್ನರ ಪಾಠ ಹೇಳಿಕೊಂಡಿರುವ ನನ್ನಂಥವನಿಗೆ ಈ ಲೆಕ್ಕ ಏತಕ್ಕೆ ಎಂದು ಓದುಗರು ಕೇಳಿಯಾರು. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಹುಮನಾಬಾದಿನಲ್ಲಿ ನನಗೆ ಅಕ್ಷರ ತಿದ್ದಿಸಿದ ಗುರುಗಳೊಬ್ಬರಿದ್ದರು. ಪ್ರಾಥಮಿಕ ಶಾಲೆಯ ಸಂಬಳದಲ್ಲಿ ಸಂಸಾರವನ್ನು ತೂಗಿಸಿಕೊಂಡು, ಉಳಿಸಿದ ಹಣದಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡು, ಅದನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಸುತ್ತಣ ಹಳ್ಳಿಗಳಿಗೆ ಹೋಗುತ್ತಿದ್ದರು. ತತ್ತ್ವಪದ ಹಾಡುವವರು, ಬೀಸುವ ಪದ ಹಾಡುವ ತಾಯಂದಿರು ಎಲ್ಲಿ ಸಿಕ್ಕರೂ ಬಿಡುತ್ತಿರಲಿಲ್ಲ. ಪ್ರತಿ ಕ್ಯಾಸೆಟ್ಟಿನ ಆರಂಭದಲ್ಲಿ ಗಂಟಲನ್ನು ಸರಿಪಡಿಸಿಕೊಂಡು, ಹಾಜರಿ ಕರೆಯುವ ಧಾಟಿಯಲ್ಲಿ, ಊರು, ದಿನಾಂಕ, ಹಾಡುವವರ ಹೆಸರು ಇಷ್ಟನ್ನು ತಾವೇ ಹೇಳುವುದು ಅವರ ಪದ್ಧತಿ. ಆಮೇಲೆ ಹಾಡು.

2015ರ ಬೇಸಿಗೆಯ ರಜೆಯಲ್ಲಿ ನಾನೂ ಗುರುಗಳ ಮೊಮ್ಮಗನೂ ಕೂಡಿ, ಬಸವಕಲ್ಯಾಣದ ನನ್ನ ಮನೆಯಲ್ಲಿ, ಆ 81 ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆವು. ಒಂದೊಂದು ಒಂದು ಗಂಟೆಯದು. ಒಟ್ಟು ಸುಮಾರು 24 ಜಿಬಿ. ಧ್ವನಿಯನ್ನು ಸಂಕುಚಿಸಿ ಚಿಕ್ಕದು ಮಾಡಬಹುದೆಂದು ನಾನು ಸೂಚಿಸಿದಾಗ ಗುರುಗಳು ಒಪ್ಪಲಿಲ್ಲ. “ಗಾಣಕ್ಕ ಹಾಕಿದ ಮ್ಯಾಲ ಕಬ್ಬು ಕಬ್ಬಾಗಿ ಉಳೀತದೇನಪಾ? ಅದು ಹ್ಯಾಂಗ ಅದ, ಹಂಗೇ ಇಡು” ಎಂದರು. ಇಟ್ಟೆ.

ಆರು ಮಂದಿ ಅದರ ಪ್ರತಿ ಕೇಳಿದ್ದರು. ಹುಮನಾಬಾದಿನ ಮೊಮ್ಮಗ, ಪುಣೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ, ಬೀದರಿನ ಗೆಳೆಯ, ಕಲಬುರಗಿಯಲ್ಲಿ ತತ್ತ್ವಪದಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ ಸಹೋದರಿಯೊಬ್ಬಳು, ಹೈದರಾಬಾದಿನಲ್ಲೊಬ್ಬ, ಬೆಂಗಳೂರಿನಲ್ಲೊಬ್ಬ ಸಹಪಾಠಿಗಳು. ಅಂತರ್ಜಾಲದ ಉಗ್ರಾಣಗಳಲ್ಲಿ ಪುಕ್ಕಟೆಯಾಗಿ ದೊರೆಯುತ್ತಿದ್ದ ಜಾಗ 15 ಜಿಬಿ; ನಮ್ಮ ಮೂಟೆ ಅದರಲ್ಲಿ ಹಿಡಿಸದು. ಪುಣೆಯ ತಮ್ಮ ದೂರವಾಣಿಯಲ್ಲಿ, “ಅಣ್ಣಾ, ಟೊರೆಂಟ್ ಮಾಡಿ ಹಾಕು” ಎಂದ. ನನಗೆ ಮೈ ಜುಮ್ಮೆಂದಿತು. ಆ ಹೆಸರನ್ನು ನಾನು ಕೇಳಿದ್ದುದು ಸಿನಿಮಾ ಕದಿಯುವ ಹುಡುಗರ ಬಾಯಲ್ಲಿ ಮಾತ್ರ. “ಚೂರಿಯಿಂದ ಕಾಯಿಪಲ್ಲೆನೂ ಹೆಚ್ಚತಾರಣ್ಣಾ” ಎಂದು ಆತ ನಕ್ಕ.

ಅಂದಿನಿಂದ ನಾನು ಈ ವಿದ್ಯೆಯ ಕಥೆಯನ್ನು ಓದತೊಡಗಿದೆ. 1999ರಲ್ಲಿ ಅಮೆರಿಕದಲ್ಲಿ ಬಂದ ನ್ಯಾಪ್‌ಸ್ಟರ್ ಎಂಬುದರಲ್ಲಿ ಹಾಡುಗಳು ಜನರ ಮನೆಯ ಯಂತ್ರಗಳಲ್ಲೇ ಇರುತ್ತಿದ್ದವು. ಯಾರಲ್ಲಿ ಏನಿದೆ ಎಂಬ ಪಟ್ಟಿ ಮಾತ್ರ ಒಂದು ಕೇಂದ್ರದಲ್ಲಿ. ಪಟ್ಟಿಯಿದ್ದ ಬಾಗಿಲಿಗೆ 2001ರಲ್ಲಿ ನ್ಯಾಯಾಲಯದ ಆಜ್ಞೆ ಬೀಗ ಹಾಕಿಸಿದೊಡನೆ ಎಲ್ಲವೂ ನಿಂತಿತು. 2000ದಲ್ಲಿ ಬಂದ ನುಟೆಲ್ಲಾ ಎಂಬುದಕ್ಕೆ ಕೇಂದ್ರವೇ ಇರಲಿಲ್ಲ. ಆದರೆ ಅದೇ ವರ್ಷ ಇಬ್ಬರು ವಿದ್ವಾಂಸರು ಎಣಿಸಿ ನೋಡಿದಾಗ, ಅದರ ಬಳಕೆದಾರರಲ್ಲಿ ಸುಮಾರು 70% ಮಂದಿ ಒಂದು ಕಡತವನ್ನೂ ಹಂಚುತ್ತಿರಲಿಲ್ಲವೆಂಬುದು ತಿಳಿದುಬಂದಿತು. ಊಟಕ್ಕೆ ಬರುವವರೇ ಎಲ್ಲರೂ, ಬಡಿಸುವವರು ಯಾರು? ಈ ಕೊರತೆಗೆ ಮದ್ದಾಗಿ 2001ರಲ್ಲಿ ಬ್ರಾಮ್ ಕೋಹೆನ್ ಎಂಬಾತ ಬರೆದದ್ದು ಬಿಟ್‌ಟೊರೆಂಟ್.

ಅದರ ಮರ್ಮವನ್ನು ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಹೀಗೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಮೂಲ ಓಲೆಕಟ್ಟು ಒಂದೇ ಇದ್ದು, ಆರು ಮಂದಿ ಲಿಪಿಕಾರರು ಕುಳಿತಿದ್ದಾರೆಂದು ಭಾವಿಸಿ. ಒಬ್ಬನು ಪೂರ್ತಿ ಬರೆದು ಮುಗಿಸುವ ತನಕ ಉಳಿದವರು ಕಾದು ಕೂಡುವುದು ಒಂದು ಕ್ರಮ. ಕಟ್ಟನ್ನು ಬಿಚ್ಚಿ ಒಬ್ಬೊಬ್ಬನಿಗೆ ಒಂದೊಂದು ಗರಿ ಕೊಟ್ಟು, ಬರೆದಾದ ಮೇಲೆ ಪರಸ್ಪರ ಬದಲಾಯಿಸಿಕೊಳ್ಳಿರಿ ಎನ್ನುವುದು ಇನ್ನೊಂದು. ಬಿಟ್‌ಟೊರೆಂಟಿನದು ಎರಡನೆಯ ಕ್ರಮ. ನಮ್ಮ ಮೂಟೆಯನ್ನು ಅದು 4 ಎಂಬಿಯ 6132 ಚೂರುಗಳಾಗಿ ಒಡೆಯಿತು. ಒಂದು ಚೂರೆಂದರೆ 47 ಸೆಕೆಂಡಿನ ಹಾಡು. ಗುಂಪಿನಲ್ಲಿ ಯಾವ ಚೂರು ಅತಿ ವಿರಳವೋ ಅದನ್ನೇ ಮೊದಲು ಬೇಡಬೇಕೆಂಬುದು ಅಲ್ಲಿಯ ನಿಯಮ. ಪೂರ್ತಿ ಪ್ರತಿಯುಳ್ಳವನಿಗೆ ಸೀಡ್, ಎಂದರೆ ಬೀಜ, ಎಂದು ಹೆಸರು. ಕೊಡದೆ ತೆಗೆದುಕೊಳ್ಳುವವರನ್ನು ಹದ್ದಿನಲ್ಲಿಡುವ ಏರ್ಪಾಡೂ ಇದೆ: ತನಗೆ ಹೆಚ್ಚು ಕೊಡುತ್ತಿರುವ ಕೆಲವರಿಗೆ ಮಾತ್ರ ತಾನು ಕೊಡುವುದು, ಹತ್ತು ಸೆಕೆಂಡಿಗೊಮ್ಮೆ ಈ ಲೆಕ್ಕವನ್ನು ಮತ್ತೆ ನೋಡುವುದು. ಹೊಸಬನು ಏನೂ ಇಲ್ಲದೆ ಬಂದಿರುತ್ತಾನಲ್ಲ, ಅವನ ಗತಿ? ಅದಕ್ಕಾಗಿ ಮೂವತ್ತು ಸೆಕೆಂಡಿಗೊಮ್ಮೆ ಯಾರಾದರೊಬ್ಬನಿಗೆ ಕಣ್ಣುಮುಚ್ಚಿ ಕೊಡುವ ಒಂದು ಧರ್ಮದ ಪಾಲು.

ಕಾಗದದ ಮೇಲೆ ಇದು ಸೊಗಸು. ನಮ್ಮಲ್ಲಿ ಹೇಗೆ ನಡೆಯಿತು?

ನನ್ನ ಮನೆಯ ತಂತಿಯಲ್ಲಿ ಒಳಗೆ ಬರುವ ವೇಗ 8 ಮೆಗಾಬಿಟ್, ಹೊರಗೆ ಹೋಗುವುದು 1. ಗೃಹಸ್ಥನೆಂದರೆ ತೆಗೆದುಕೊಳ್ಳುವವನೇ ಹೊರತು ಕೊಡುವವನಲ್ಲ ಎಂಬ ಎಣಿಕೆಯ ಮೇಲೆ ಹೂಡಿದ ಏರ್ಪಾಡು ಅದು. ಆ 1 ಮೆಗಾಬಿಟ್ಟಿನಲ್ಲಿ ಒಂದು ಪ್ರತಿ ಹೊರಗೆ ಹೋಗಲು 57 ಗಂಟೆ ಬೇಕು. ಆರು ಮಂದಿಗೆ ಬೇರೆ ಬೇರೆಯಾಗಿ ಕಳಿಸಿದರೆ 14 ದಿನ, ಅದೂ ಕರೆಂಟು ಒಂದು ಕ್ಷಣವೂ ಹೋಗದಿದ್ದರೆ. ಟೊರೆಂಟ್ ಹೂಡಿದ ಮರುದಿನ ಅದೇ ಹೊತ್ತಿಗೆ ನಾನು ಕಳಿಸಿದ್ದು ಒಟ್ಟು ಒಂದು ಪ್ರತಿಯ 41% ಮಾತ್ರ. ಆದರೆ ಪುಣೆ, ಹೈದರಾಬಾದು, ಬೆಂಗಳೂರು ಮೂರು ಕಡೆಯೂ ಹತ್ತಿರ ಹತ್ತಿರ 40% ತುಂಬಿತ್ತು! ನಾನು ಒಬ್ಬನಿಗೆ ಕೊಟ್ಟ ಚೂರನ್ನು ಅವನು ಇನ್ನಿಬ್ಬರಿಗೆ ದಾಟಿಸಿದ್ದನು. ಒಂದು ತುತ್ತು ಮೂವರ ಹೊಟ್ಟೆಯನ್ನು ತುಂಬಿಸುವುದನ್ನು ನಾನು ಪುರಾಣದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಎರಡನೆಯ ದಿನ ನಮ್ಮ ಬೀದಿಯಲ್ಲಿ ಐದು ಗಂಟೆ ಕರೆಂಟು ಹೋಯಿತು. ಬೀಜವಿಲ್ಲದಾಗ ಉಳಿದವರು ತಮ್ಮ ತಮ್ಮಲ್ಲಿಯೇ ಬದಲಾಯಿಸಿಕೊಳ್ಳುತ್ತ ಹೋಗಿ, ಕೊನೆಗೆ ಎಲ್ಲರಲ್ಲೂ ಅವೇ ಚೂರುಗಳಾಗಿ, ಎಲ್ಲರೂ ಒಂದೇ ಅಂಕಿಯ ಮೇಲೆ ನಿಂತರು. “ಸರ್, ನಲವತ್ತೊಂದಕ್ಕ ನಿಂತದಲ್ಲ!” ಎಂದು ಹೈದರಾಬಾದಿನಿಂದ ಕರೆ, “ಇಲ್ಲೂ ನಲವತ್ತೊಂದೇ” ಎಂದು ಬೆಂಗಳೂರಿನಿಂದ ಕರೆ. ಸಾಮ್ಯವಾದ ಪರಿಪೂರ್ಣವಾಗಿ ನೆಲೆಸಿತ್ತು; ಮುಂದಕ್ಕೆ ಮಾತ್ರ ಒಂದು ಹೆಜ್ಜೆಯಿಲ್ಲ.

ಬೀದರಿನ ಗೆಳೆಯನದೂ ಕಲಬುರಗಿಯ ಸಹೋದರಿಯದೂ ಬೇರೆ ಕಷ್ಟ. ಆತನು ಬಾಡಿಗೆಗಿದ್ದ ವಾಡೆಯಲ್ಲಿ ಹತ್ತಾರು ಬಿಡಾರಗಳಿಗೆ ಕೂಡಿ ಒಂದೇ ಸಂಪರ್ಕ. ಆಕೆಯ ವಸತಿಗೃಹದಲ್ಲಿಯೂ ಹಾಗೆಯೇ. ವಾಡೆಯ ಹೆಬ್ಬಾಗಿಲಿಗೆ ಮಾತ್ರ ವಿಳಾಸವಿದ್ದು ಒಳಗಿನ ಕೋಣೆಗಳಿಗೆ ಇಲ್ಲದಿದ್ದರೆ ಏನಾಗುತ್ತದೆ? ಒಳಗಿನವರು ಹೊರಗೆ ಕಾಗದ ಬರೆಯಬಹುದು, ಅದಕ್ಕೆ ಉತ್ತರವೂ ಬಂದೀತು. ಹೊರಗಿನಿಂದ ತಾನಾಗಿ ಬಂದ ಕಾಗದ ಯಾವ ಕೋಣೆಗೆಂದು ತಿಳಿಯದೆ ಬಾಗಿಲಿನಿಂದಲೇ ಹಿಂದಿರುಗುತ್ತದೆ. ಇಂತಹ ಇಬ್ಬರ ನಡುವೆ ಮೊದಲ ಮಾತು ಆಡುವವರು ಯಾರು? ಅವರಿಬ್ಬರೂ ಒಬ್ಬರಿಂದೊಬ್ಬರು ಒಂದು ಚೂರನ್ನೂ ಪಡೆಯಲಿಲ್ಲ. ಪುಣೆಯ ತಮ್ಮ ತನ್ನ ಮನೆಯ ಬಾಗಿಲನ್ನು ತೆರೆದಿಟ್ಟಿದ್ದರಿಂದ ಇಬ್ಬರೂ ಅವನನ್ನು ಹಿಡಿದುಕೊಂಡು ನಿಭಾಯಿಸಿದರು. ಇದರ ಜತೆಗೆ ಅವನ ಹೊರಹೋಗುವ ವೇಗ ನನ್ನದರ ಹತ್ತು ಪಾಲು. ಮುಯ್ಯಿಗೆ ಮುಯ್ಯಿ ಎಂಬ ನಿಯಮದಿಂದಲೇ ಈ ವ್ಯವಸ್ಥೆ ನಡೆಯುತ್ತದೆಂದು ಮೊದಮೊದಲು ಎಲ್ಲರೂ ಬರೆದರು. 2007ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ, ದೊಡ್ಡ ತಂತಿಯುಳ್ಳ ಕೆಲವೇ ಮಂದಿ ಲೆಕ್ಕಕ್ಕಿಂತ ಹೆಚ್ಚು ಕೊಡುತ್ತಿರುವುದರಿಂದ ಉಳಿದವರ ಗಾಡಿ ಓಡುತ್ತಿದೆಯೆಂದು ತೋರಿಸಿದರು. ನಮ್ಮ ಆರು ಜನರ ಸಂಸಾರವನ್ನು ನೋಡಿದ್ದರೂ ಅವರಿಗೆ ಅದೇ ತಿಳಿಯುತ್ತಿತ್ತು.

ಇಷ್ಟಾದರೂ ಹುಮನಾಬಾದು? ಅಲ್ಲಿ ತಂತಿ ಗಳಿಗೆಗೊಮ್ಮೆ ಕಡಿಯುತ್ತಿತ್ತು. ಮೂರನೆಯ ದಿನ ಬೇಸತ್ತು, ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ. ಕಿಟಕಿಯ ಬಳಿ ಕುಳಿತು ಲೆಕ್ಕ ಹಾಕಿದರೆ ನಗು ಬಂತು: 57 ಗಂಟೆಯ ಕೆಲಸವನ್ನು ಕೆಂಪು ಬಸ್ಸು ಒಂದೇ ಗಂಟೆಯಲ್ಲಿ ಮಾಡುತ್ತಿದೆ, ಎಂದರೆ ಅದರ ವೇಗ 57 ಮೆಗಾಬಿಟ್! ಕಂಡಕ್ಟರರಿಗೆ ಈ ವಿಷಯ ಹೇಳಬೇಕೆನ್ನಿಸಿತು. ಚಿಲ್ಲರೆ ಕೊಡದ ನನ್ನ ಮೇಲೆ ಅವರಿಗೆ ಆಗಲೇ ಮುನಿಸಿತ್ತು, ಸುಮ್ಮನಾದೆ. ಹುಮನಾಬಾದಿನಲ್ಲಿ ಆ ಪ್ರತಿಯನ್ನು ಮೊಮ್ಮಗನ ಕಂಪ್ಯೂಟರಿಗೆ ಹಾಕಿ ಅದನ್ನೂ ಬೀಜವಾಗಿ ನಿಲ್ಲಿಸಿದೆವು. ತಂತಿ ಕಡಿಯುತ್ತಿದ್ದರೂ ಕೂಡಿದಾಗಲೆಲ್ಲ ಅದು ಬಡಿಸುತ್ತಿತ್ತು. ಐದನೆಯ ದಿನ ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ನೂರು ತುಂಬಿತು. ಕಲಬುರಗಿಯವಳು ತನ್ನ ಪ್ರಬಂಧಕ್ಕೆ ಬೇಕಾದ 40 ಕ್ಯಾಸೆಟ್ಟುಗಳನ್ನು ಮಾತ್ರ ಆರಿಸಿ ಇಳಿಸಿಕೊಂಡಳು. ಬೀದರಿನ ಗೆಳೆಯನಿಗೆ ವರ್ಗವಾಗಿ, 63%ಕ್ಕೆ ಬಿಟ್ಟು ಊರು ಬದಲಿಸಿದ.

ಇನ್ನೊಂದು ಸಂಗತಿ ಇಲ್ಲಿ ಹೇಳಿಬಿಡಬೇಕು. ನಾಲ್ಕನೆಯ ದಿನ ನಮ್ಮ ಪಟ್ಟಿಯಲ್ಲಿ ಅಪರಿಚಿತ ವಿಳಾಸವೊಂದು ಕಾಣಿಸಿಕೊಂಡಿತು. ಯಾರೋ ಗೆಳೆಯರು ಗೆಳೆಯರಿಗೆ ಕೊಟ್ಟಿರಬೇಕು. ಆ ಅನಾಮಧೇಯರು ಎರಡು ದಿನ ಇದ್ದು, ಪೂರ್ತಿ ತೆಗೆದುಕೊಂಡು, ಒಂದು ರಾತ್ರಿ ಬೇರೆಯವರಿಗೂ ಬಡಿಸಿ, ಕಾಣದಾದರು.

ಮುಗಿದ ಮೇಲೆ ಎದ್ದುಹೋಗುವುದು ಲೋಕರೂಢಿ. ಹಾಲೆಂಡಿನ ಡೆಲ್ಫ್ಟ್ ನಗರದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಕಡತವನ್ನು ಪೂರ್ತಿ ಪಡೆದ 53,883 ಮಂದಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಉಳಿದವರು 17%. ಹತ್ತು ಗಂಟೆ ಉಳಿದವರು 3.1%. ನೂರು ಗಂಟೆ ಉಳಿದವರು 183 ಜನ. ಜನರು ಮುಗಿಬೀಳುತ್ತಿರುವಾಗ ಇದರಿಂದ ಬಾಧಕವಿಲ್ಲ. ರೆಡ್‌ಹ್ಯಾಟ್ 9 ಎಂಬ ಲಿನಕ್ಸ್ ತಂತ್ರಾಂಶವನ್ನು 2003ರಲ್ಲಿ ಈ ಬಗೆಯಲ್ಲಿ ಹಂಚಿದಾಗ ಮೊದಲ ಐದು ದಿನಗಳಲ್ಲೇ 50,000ಕ್ಕೂ ಹೆಚ್ಚು ಯಂತ್ರಗಳು ಬಂದು ಕೂಡಿದ್ದವು. ಅಷ್ಟು ಸಂದಣಿಯಲ್ಲಿ ಒಬ್ಬ ಎದ್ದರೆ ಇನ್ನೊಬ್ಬ ಕೂರುತ್ತಾನೆ. ಹುಮನಾಬಾದಿನ ಬೀಸುವ ಪದಕ್ಕೆ ಎಲ್ಲಿಯ ಸಂದಣಿ? ನಮ್ಮ ಬೆಂಗಳೂರಿನ ಗೆಳೆಯ ನೂರು ತುಂಬಿದ ಐದೇ ನಿಮಿಷಕ್ಕೆ ಹೊರಟುಹೋದ. ಎರಡು ವಾರದಲ್ಲಿ ನಾನೊಬ್ಬನೇ ಉಳಿದೆ. ತಿಂಗಳಾದ ಮೇಲೆ, ಯಾರೂ ಕೇಳುವವರಿಲ್ಲವೆಂದು ನಾನೂ ಮುಚ್ಚಿದೆ. ಆರು ಮನೆಗಳಲ್ಲಿದೆಯಲ್ಲ ಎಂಬ ನೆಮ್ಮದಿಯಲ್ಲಿ, ಎರಡನೆಯ ಡಿಸ್ಕಿನಲ್ಲಿ ಒಂದು ಪ್ರತಿ ತೆಗೆದಿಡಬೇಕೆಂಬ ಸಾಮಾನ್ಯ ವಿವೇಕವೂ ನನಗೆ ತೋಚಲಿಲ್ಲ. ಬಸ್ಸಿನಲ್ಲಿ ಒಯ್ದ ಡಿಸ್ಕನ್ನು ಅಳಿಸಿ ಪರೀಕ್ಷೆಯ ಅಂಕಪಟ್ಟಿಗಳನ್ನು ತುಂಬಿದೆ.

2018ರ ಚಳಿಗಾಲದಲ್ಲಿ ಗುರುಗಳು ತೀರಿಕೊಂಡರು. ಕ್ಯಾಸೆಟ್ಟಿನ ಪೆಟ್ಟಿಗೆ, ಪಟ್ಟಿ ಬರೆದಿಟ್ಟಿದ್ದ ನೋಟುಬುಕ್ಕಿನ ಸಮೇತ, ಅಟ್ಟ ಸೇರಿತು. ಮನೆಯ ರಿಪೇರಿಯ ಕಾಲದಲ್ಲಿ ಮಳೆ ಹೊಕ್ಕು ಟೇಪುಗಳಿಗೆಲ್ಲ ಬೂಷ್ಟು ಹಿಡಿಯಿತು. 2020ರ ಮಳೆಗಾಲದಲ್ಲಿ ನಮ್ಮ ಬೀದಿಗೆ ಸಿಡಿಲು ಬಡಿದು ನನ್ನ ಕಂಪ್ಯೂಟರು ಸುಟ್ಟಿತು. ಆಗಲೂ ನಾನು ಗಾಬರಿಯಾಗಲಿಲ್ಲ. ಒಬ್ಬೊಬ್ಬರಿಗೆ ದೂರವಾಣಿ ಮಾಡುತ್ತ ಹೋದಂತೆ ಗಾಬರಿಯಾಯಿತು. ಬೆಂಗಳೂರಿನವನು ಅಳಿಸಿದ್ದ. ಪುಣೆಯ ತಮ್ಮ, ಅಷ್ಟು ಧಾರಾಳಿ, ಹೊಸ ಯಂತ್ರ ಕೊಂಡಾಗ ಹಳೆಯದನ್ನು ಮಾರಿಬಿಟ್ಟಿದ್ದ. “ನಿನ್ನ ಹತ್ತಿರ ಅದ ಅಂದಕೊಂಡಿದ್ದೆ ಅಣ್ಣಾ” ಎಂದ. ಹುಮನಾಬಾದಿನ ಕಂಪ್ಯೂಟರೂ ಮಾರಿಹೋಗಿತ್ತು. ಎಲ್ಲರಿಗೂ ಅದು ಇನ್ನೊಬ್ಬರ ಹತ್ತಿರ ಇತ್ತು.

ನನ್ನ ಅಂಚೆಪೆಟ್ಟಿಗೆಯಲ್ಲಿ, 2015ರ ಒಂದು ಇ-ಪತ್ರಕ್ಕೆ ಅಂಟಿಕೊಂಡು, ಮೂಲ ಟೊರೆಂಟ್ ಕಡತ ಮಾತ್ರ ಉಳಿದಿತ್ತು. ಅದರಲ್ಲಿ ಹಾಡಿಲ್ಲ, 6132 ಚೂರುಗಳ ಬೆರಳಚ್ಚುಗಳಿವೆ. ಒಂದೊಂದು ಚೂರಿನಿಂದ ಗಣಿತಕ್ರಮದಿಂದ ತೆಗೆದ 20 ಅಕ್ಷರಗಳ ಗುರುತು. ಎಲ್ಲ ಸೇರಿ 120 ಕೆಬಿಯಷ್ಟು. ಹೆಣವಿಲ್ಲದ ಮನೆಯಲ್ಲಿ ನೆರಳನ್ನು ಕಾಯ್ದಿಟ್ಟ ಹಾಗೆ. ಆದರೆ ಎಲ್ಲಿಂದ ಯಾವ ಚೂರು ಬಂದರೂ ಅದು ನಿಜವಾದದ್ದೇ ಅಲ್ಲವೇ ಎಂಬುದನ್ನು ಈ ನೆರಳು ಹೇಳಬಲ್ಲದು.

ಬೀದರಿನ ಗೆಳೆಯನನ್ನು ಕೊನೆಗೆ ಕೇಳಿದೆ, ಆಸೆಯಿಲ್ಲದೆ. ಆತ ಸಂಕೋಚದಿಂದ, “ಅದು ಅವತ್ತು ಪೂರಾ ಆಗಿರ್ಲಿಲ್ಲ ನೋಡ್ರಿ, ಹಂಗೇ ಬಿದ್ದದ” ಎಂದ. ಪೂರ್ತಿ ಪಡೆದವರೆಲ್ಲ ಕೇಳಿ ಅಳಿಸಿದ್ದರು. ಪೂರ್ತಿಯಾಗದ್ದನ್ನು ಕೇಳುವಂತಿಲ್ಲವಾದ್ದರಿಂದ ಅದು ಹಾಗೇ ಉಳಿದಿತ್ತು! ಕಲಬುರಗಿಯವಳ 40 ಕ್ಯಾಸೆಟ್ಟುಗಳು ಅವಳ ಪ್ರಬಂಧದೊಡನೆ ಭದ್ರವಾಗಿದ್ದವು. ಹೈದರಾಬಾದಿನವನು ತನಗೆ ಮೆಚ್ಚುಗೆಯಾಗದ ಕೆಲವನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಹನ್ನೆರಡರ ಸದ್ದುಗದ್ದಲವನ್ನು ಶುದ್ಧಿಮಾಡಿ ಇಟ್ಟಿದ್ದ. ಕಿವಿಗೆ ಅವು ಮೂಲಕ್ಕಿಂತ ಹಿತ. ಆದರೆ ಬೆರಳಚ್ಚು ಕೂಡದೆ ಯಂತ್ರ ಹನ್ನೆರಡನ್ನೂ ತಿರಸ್ಕರಿಸಿತು. ಗ್ರಂಥಸಂಪಾದನೆಯಲ್ಲಿ ನಾವು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿಟ್ಟು ಪೋಷಿಸುತ್ತೇವೆ, ಲಿಪಿಕಾರನ ಕೈತಪ್ಪಿಗೂ ಒಂದು ಚರಿತ್ರೆ ಉಂಟೆನ್ನುತ್ತೇವೆ. ಈ ಶಾಸ್ತ್ರದಲ್ಲಿ ಪಾಠಾಂತರಕ್ಕೆ ತಾವಿಲ್ಲ. ಪುಣ್ಯಕ್ಕೆ ಆತ ಶುದ್ಧಿಮಾಡುವ ಮೊದಲಿನ ಪ್ರತಿಗಳನ್ನೂ ಒಂದು ಮೂಲೆಯಲ್ಲಿ ಬಿಟ್ಟಿದ್ದ.

ಮೂವರನ್ನೂ ಒಂದೇ ರಾತ್ರಿ ಕೂಡಿಸಿದೆವು. ಐದು ವರ್ಷ ಸತ್ತಂತಿದ್ದ ಗುಂಪು ಎದ್ದು ಕುಳಿತಿತು. ನನ್ನ ಹೊಸ ಯಂತ್ರದಲ್ಲಿ ಖಾಲಿ ಪಟ್ಟಿ ಹಸುರಾಗುತ್ತ ಹೋಯಿತು. ಮೂರನೆಯ ದಿನ ನಿಂತಾಗ 56 ಚೂರುಗಳಿರಲಿಲ್ಲ. ಎಲ್ಲವೂ 43 ಮತ್ತು 44ನೆಯ ಕ್ಯಾಸೆಟ್ಟುಗಳವು. ಆ ಎರಡು ಸಂಶೋಧಕಿಗೆ ಬೇಕಾಗಿರಲಿಲ್ಲ, ಹೈದರಾಬಾದಿಗೆ ಮೆಚ್ಚಿರಲಿಲ್ಲ; ಬೀದರಿನ ಅರೆಪ್ರತಿಯೊಂದೇ ಆಧಾರ. ಹಾಕಿ ಕೇಳಿದರೆ ಹುಳು ತಿಂದ ಗರಿಯ ಹಾಗೆ ಅಲ್ಲಲ್ಲಿ 47 ಸೆಕೆಂಡಿನ ತೂತುಗಳು.

43ನೆಯದು ಗುರುಗಳ ಸ್ವಂತ ತಾಯಿ ಹಾಡಿದ್ದು. ಇದನ್ನು ಕೇಳಿದ ಮೊಮ್ಮಗ ಅರ್ಧ ಗಂಟೆಯ ಮೇಲೆ ಮತ್ತೆ ಕರೆ ಮಾಡಿದ: “ಸರ್, ಮುತ್ಯಾನ ಸಣ್ಣ ರೇಡಿಯೋದಾಗ ಒಂದು ಮೆಮೊರಿ ಕಾರ್ಡ್ ಅದ ನೋಡ್ರಿ. ಆಯಿ ಹಾಡಿದ್ದು ಒಂದೇ ಹಾಕಿ ಕೊಟ್ಟಿದ್ದೆ. ದಿನಾ ಮಲಗೋ ಮುಂದ ಕೇಳ್ತಿದ್ರು.” ಆ ಕಾರ್ಡು ಬಸ್ಸಿನ ಪ್ರತಿಯಿಂದ ಇಳಿಸಿದ್ದು, ಒಂದಕ್ಷರ ಬದಲಾಗಿರಲಿಲ್ಲ. 29 ಚೂರುಗಳೂ ಪರೀಕ್ಷೆಯಲ್ಲಿ ಗೆದ್ದು ಹಸುರಾದವು.

ಉಳಿದದ್ದು 27, ಎಲ್ಲವೂ 44ನೆಯದರಲ್ಲಿ. ಅವುಗಳಲ್ಲಿ ಮೊದಲನೆಯದು ಎರಡು ಕ್ಯಾಸೆಟ್ಟುಗಳ ಸಂಧಿಯಲ್ಲಿರುವ ಚೂರು: ಹತ್ತು ಸೆಕೆಂಡು 43ರ ಬಾಲ, 37 ಸೆಕೆಂಡು 44ರ ತಲೆ. ಬಾಲ ನಮ್ಮ ಕೈಯಲ್ಲಿದೆ. ತಲೆಯಿಲ್ಲದೆ ಅದಕ್ಕೆ ಬೆರಳಚ್ಚಿನ ಒಪ್ಪಿಗೆ ಇಲ್ಲ. ಆ 37 ಸೆಕೆಂಡುಗಳಲ್ಲಿ ಗುರುಗಳು ಗಂಟಲು ಸರಿಪಡಿಸಿಕೊಂಡು ಊರು, ದಿನಾಂಕ, ಹಾಡುವವಳ ಹೆಸರು ಹೇಳಿರುತ್ತಾರೆ. ಈಗ ಅಲ್ಲಿ ಮೌನ, ಆಮೇಲೆ ಒಮ್ಮೆಲೇ ಒಬ್ಬ ಮುದುಕಿಯ ಧ್ವನಿ, ಬೀಸುಕಲ್ಲಿನ ಸದ್ದು. ಮೊದಲ ಗರಿ ಹರಿದ ಹಸ್ತಪ್ರತಿಗಳ ಕವಿ ಯಾರು, ದೇಶ ಕಾಲಗಳೇನು ಎಂದು ನಾವು ಪುಟಗಟ್ಟಲೆ ಚರ್ಚಿಸುತ್ತೇವೆ. ಇವಳ ಬಗ್ಗೆ ಚರ್ಚಿಸುವವರು ಯಾರು? ಹುಮನಾಬಾದಿನ ಸುತ್ತಣ ಮೂರು ಹಳ್ಳಿಗಳಲ್ಲಿ ಆ ಧ್ವನಿಯನ್ನು ಹಿರಿಯರಿಗೆ ಕೇಳಿಸಿ ನೋಡಿದೆ. ಒಬ್ಬ ಅಜ್ಜಿ ಬಹಳ ಹೊತ್ತು ಕಣ್ಣುಮುಚ್ಚಿ ಕೇಳಿ, “ನಮ್ಮೂರಾಕಿ ಅಲ್ಲ ಬಿಡಪಾ, ಆದ್ರ ಹಾಡು ನಮ್ಮದೇ ಅದ” ಎಂದಳು.

ಆ ಎಂಟನೆಯ ಅನಾಮಧೇಯರ ಬಳಿ ಪೂರ್ತಿ ಪ್ರತಿಯಿತ್ತೆಂಬುದನ್ನು ನಾನು ಮರೆತಿಲ್ಲ. ಈಗ ಬಸವಕಲ್ಯಾಣದ ನಮ್ಮ ಮನೆಗೆ ಗಾಜಿನ ತಂತಿ ಬಂದಿದೆ. ಕೊಡುವ ವೇಗ ತೆಗೆದುಕೊಳ್ಳುವ ವೇಗದಷ್ಟೇ ಇದೆ. ಮೂರು ಬೇರೆ ಡಿಸ್ಕುಗಳಲ್ಲಿ ಪ್ರತಿ ತೆಗೆದಿಟ್ಟಿದ್ದೇನೆ. ಒಂದು ಹಳೆಯ ಯಂತ್ರವನ್ನು ರಾತ್ರಿಯೆಲ್ಲ ಉರಿಯಲು ಬಿಟ್ಟಿರುತ್ತೇನೆ. “ರೀ, ಲೈಟಿನ ಬಿಲ್ಲು ನೀವೇ ಕಟ್ಟೋದು, ನೆನಪಿರಲಿ” ಎಂದು ಮನೆಯಾಕೆ ದಿನವೂ ಎಚ್ಚರಿಸುತ್ತಾಳೆ, ಆದರೆ ಮಲಗುವ ಮೊದಲು ಪರದೆಯ ಕಡೆ ಒಮ್ಮೆ ನೋಡಿ, “ಯಾರಾದರೂ ಬಂದರೇನು?” ಎಂದು ಕೇಳುವವಳೂ ಅವಳೇ.

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಪಟ್ಟಿಯಲ್ಲಿ ಹೊಸ ವಿಳಾಸವೊಂದು ಮೂಡಿತು. ಇಬ್ಬರೂ ಎದ್ದು ಕುಳಿತೆವು. ಅವರ ಹೆಸರಿನ ಮುಂದಿನ ಅಂಕಿ 0. ಕೊಡಲು ಬಂದವರಲ್ಲ, ಕೇಳಲು ಬಂದವರು. ಬೆಳಗಿನ ಜಾವದ ಹೊತ್ತಿಗೆ ಅವರಲ್ಲಿಯೂ ನಮ್ಮಲ್ಲಿರುವಷ್ಟೇ ಆಗಿತ್ತು, 99.5. ಅಲ್ಲಿಗೆ ನಿಂತರು. ಈ ಬರಹವನ್ನು ಮುಗಿಸುತ್ತಿರುವಾಗಲೂ ಅವರು ಪಟ್ಟಿಯಲ್ಲಿದ್ದಾರೆ.